ವಾರಕ್ಕೆರಡು ಗಂಟೆ ನಮ್ಮ ಬೀದಿಯನ್ನು ಮಕ್ಕಳಿಗೆ ಬಿಡಬಹುದಾ?

ಪ್ರಶ್ನೆ: ನಮ್ಮ ಬೀದಿಯಲ್ಲಿ ಮೂವತ್ತೆಂಟು ಮನೆಗಳಿವೆ. ಹದಿನೈದಕ್ಕೂ ಜಾಸ್ತಿ ಮಕ್ಕಳಿದ್ದಾರೆ, ಆದರೆ ಒಬ್ಬರಿಗೊಬ್ಬರು ಸರಿಯಾಗಿ ಪರಿಚಯವೇ ಇಲ್ಲ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳಲು ಬೇರೆ ಕಡೆಯವರೂ ನಮ್ಮ ಬೀದಿಯಲ್ಲೇ ನುಗ್ಗುತ್ತಾರೆ. ಹಾಗಾಗಿ ಯಾರೂ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ವಾರಕ್ಕೊಮ್ಮೆ ಎರಡು ಗಂಟೆಯಾದರೂ ರಸ್ತೆ ಮುಚ್ಚಿ ಮಕ್ಕಳನ್ನು ಆಡಲು ಬಿಡಬೇಕು ಅಂತ ಆಸೆ. ಪಕ್ಕದ ಮನೆಯವರು "ಅದೆಲ್ಲ ಆಗೋ ಕೆಲಸ ಅಲ್ಲ, ಸುಮ್ನೆ ಜಗಳ ಆಗುತ್ತೆ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?
ಎಂಟು ಮತ್ತು ಐದು ವರ್ಷದ ಇಬ್ಬರು ಮಕ್ಕಳ ತಾಯಿ

ಉತ್ತರ: ಆಗೋ ಕೆಲಸವೇ. ಹೊಸ ಕೆಲಸವೂ ಅಲ್ಲ. 1914ರಲ್ಲೇ ನ್ಯೂಯಾರ್ಕ್‌ನಲ್ಲಿ ಪೊಲೀಸರೇ ಮುಂದೆ ನಿಂತು ಬೀದಿ ಮುಚ್ಚಿಸಿ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಬ್ರಿಟನ್‌ನಲ್ಲಿ 1938ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಬಂತು. ಆಮೇಲೆ ಕಾರುಗಳು ಜಾಸ್ತಿಯಾದವು, ಆಟದ ಬೀದಿಗಳು ಮರೆತುಹೋದವು. 2009ರಲ್ಲಿ ಬ್ರಿಸ್ಟಲ್ ನಗರದ ಒಂದು ಬೀದಿಯಲ್ಲಿ ನೆರೆಯ ಇಬ್ಬರು ತಾಯಂದಿರು ಶಾಲೆ ಬಿಟ್ಟ ಮೇಲೆ ಕೆಲವು ಗಂಟೆ ರಸ್ತೆ ಮುಚ್ಚಿಸಿ ಮಕ್ಕಳನ್ನು ಹೊರಗೆ ಬಿಟ್ಟರು. ಅಲ್ಲಿಂದಲೇ 'ಪ್ಲೇಯಿಂಗ್ ಔಟ್' ಅನ್ನುವ ಸಂಸ್ಥೆ ಬೆಳೆಯಿತು, ಬ್ರಿಟನ್ನಿನ ಎಷ್ಟೋ ಊರುಗಳಿಗೆ ಈ ಅಭ್ಯಾಸ ಹಬ್ಬಿತು. ಶುರುವಾದದ್ದು ನಿಮ್ಮ ಹಾಗೆಯೇ ಯೋಚಿಸಿದ ಇಬ್ಬರಿಂದ ಅನ್ನುವುದನ್ನು ನಿಮ್ಮ ಪಕ್ಕದ ಮನೆಯವರಿಗೂ ಹೇಳಿ.

ಬ್ಯಾರಿಕೇಡ್ ಎಲ್ಲಿ ಸಿಗುತ್ತೆ ಅಂತ ಹುಡುಕುವ ಮೊದಲು ಒಂದು ಮಾತು. ಇದನ್ನು ದೊಡ್ಡ ಕಾರ್ಯಕ್ರಮ ಮಾಡಬೇಡಿ. ನಾನು ಕಂಡ ಬೀದಿಗಳಲ್ಲಿ ನಿಂತುಹೋದವು ಹೆಚ್ಚಾಗಿ ಅದ್ದೂರಿಯಾಗಿ ಶುರುವಾದವೇ. ಮೊದಲ ಸಲ ಮೈಕು, ಸ್ಪರ್ಧೆ, ಬಹುಮಾನ, ತಿಂಡಿ ಎಲ್ಲ ಇರುತ್ತದೆ. ಎರಡನೇ ಸಲಕ್ಕೆ ದುಡ್ಡು ಎತ್ತುವವರು ಯಾರು ಅಂತ ಮಾತು ಬರುತ್ತದೆ. ಮೂರನೇ ಸಲಕ್ಕೆ ಯಾರಿಗೂ ಕೈಕಾಲು ಆಡುವುದಿಲ್ಲ. ನಾಲ್ಕನೆಯದು ನಡೆಯುವುದೇ ಇಲ್ಲ. ಇನ್ನೊಂದು ಬೀದಿಯಲ್ಲಿ ಒಂದು ಡಬ್ಬಿ ಚಾಕ್ ಪೀಸ್, ಎರಡು ಚೆಂಡು, ಬಾಗಿಲ ಮುಂದೆ ಹಾಕಿದ ಕುರ್ಚಿಗಳು, ಅಷ್ಟೇ. ವರ್ಷಗಳಿಂದ ನಡೆಯುತ್ತಿದೆ. ತಯಾರಿ ಕಮ್ಮಿ ಇದ್ದಷ್ಟೂ ಮತ್ತೆ ಮಾಡಲು ಮನಸ್ಸು ಬರುತ್ತದೆ. ಮಕ್ಕಳಿಗೆ ಬೇಕಾದದ್ದೂ ಮತ್ತೆ ಮತ್ತೆ ಸಿಗುವ ಜಾಗವೇ ಅಲ್ವಾ.

ಹಾಗಾಗಿ ವಾರಕ್ಕೊಮ್ಮೆ ಅಂತ ಶುರು ಮಾಡಬೇಡಿ. ತಿಂಗಳಿಗೊಮ್ಮೆ, ಎರಡು ಗಂಟೆ, ಪ್ರತಿ ಸಲ ಅದೇ ವಾರ, ಅದೇ ಹೊತ್ತು. ಮೂರು ತಿಂಗಳು ಸರಿಯಾಗಿ ನಡೆದರೆ ಬೀದಿಯವರೇ "ಎರಡು ಸಲ ಮಾಡೋಣ" ಅನ್ನುತ್ತಾರೆ. ಆ ಮಾತು ಅವರ ಬಾಯಿಂದ ಬರಲಿ.

ಈಗ ರಸ್ತೆಯ ವಿಷಯ. ಬಸ್ಸು ಓಡುವ ರಸ್ತೆ, ಆಸ್ಪತ್ರೆಗೆ ಹೋಗುವ ದಾರಿ, ಬೇರೆ ದಾರಿಯೇ ಇಲ್ಲದ ರಸ್ತೆ ಆಗದು. ನಿಮ್ಮದು ಮುಖ್ಯರಸ್ತೆ ತಪ್ಪಿಸಿಕೊಳ್ಳುವವರ ಅಡ್ಡದಾರಿ. ಅದು ಕಷ್ಟವೇನಲ್ಲ, ಯಾಕೆಂದರೆ ಅವರಿಗೆ ಮುಖ್ಯರಸ್ತೆ ಇದ್ದೇ ಇದೆ. ಇಡೀ ಬೀದಿ ಬೇಕಾಗಿಲ್ಲ. ನೂರು, ನೂರೈವತ್ತು ಮೀಟರ್ ಸಾಕು. ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿ ಕಾಣಬೇಕು. ನಡುವೆ ಅಡ್ಡರಸ್ತೆ ಸೇರುವುದಾದರೆ ಅಲ್ಲೂ ಇಬ್ಬರು ನಿಲ್ಲಬೇಕಾಗುತ್ತದೆ. ಅಷ್ಟು ಜನ ಇಲ್ಲದಿದ್ದರೆ ಅಡ್ಡರಸ್ತೆ ಬರುವ ಮೊದಲೇ ನಿಲ್ಲಿಸಿಬಿಡಿ. ಇಳಿಜಾರು ಜಾಸ್ತಿ ಇರುವ ಭಾಗ ಬೇಡ, ಚೆಂಡೂ ಸೈಕಲ್ಲೂ ತುದಿಯತ್ತಲೇ ಓಡುತ್ತವೆ.

ಅನುಮತಿ ಇಲ್ಲದೆ ಮುಚ್ಚಬೇಡಿ. ರಸ್ತೆ ಎಲ್ಲರದ್ದು. ನಮ್ಮಷ್ಟಕ್ಕೆ ನಾವೇ ಅಡ್ಡ ಹಾಕಿದರೆ ಅದು ಅಪರಾಧವಾಗುವ ಸಾಧ್ಯತೆಯೇ ಹೆಚ್ಚು. ನಿಮ್ಮ ಊರಿನ ಆಡಳಿತದ ಕಚೇರಿಯಲ್ಲಿ ರಸ್ತೆಯ ಹೊಣೆ ಹೊತ್ತ ವಿಭಾಗ ಯಾವುದು, ಸಂಚಾರ ಪೊಲೀಸರ ಒಪ್ಪಿಗೆ ಬೇರೆಯಾಗಿ ಬೇಕಾ, ಎರಡನ್ನೂ ಕೇಳಿ. ಕೆಲವು ಕಡೆ ಆಟದ ಬೀದಿಗೆ ಅಂತಲೇ ಅರ್ಜಿ ನಮೂನೆ ಇರುತ್ತದೆ. ಇಲ್ಲದ ಕಡೆ ಸಮಾರಂಭಕ್ಕೆ ರಸ್ತೆ ಮುಚ್ಚಲು ಕೊಡುವ ಅನುಮತಿಯನ್ನೇ ಕೇಳಬೇಕಾಗುತ್ತದೆ. ಬ್ರಿಸ್ಟಲ್‌ನಲ್ಲಿ ಹೊಸದಾಗಿ ನಿಯಮ ಹುಡುಕುವ ಬದಲು 1847ರ ಒಂದು ಹಳೇ ಪೊಲೀಸ್ ಕಾಯ್ದೆಯನ್ನೇ ಇದಕ್ಕೆ ಬಳಸಿಕೊಂಡರು. ಮೆರವಣಿಗೆಗೆ ಬೀದಿ ಮುಚ್ಚಲು ಬರೆದಿಟ್ಟದ್ದು ಮಕ್ಕಳ ಆಟಕ್ಕೂ ಆಯಿತು. ಹಾಗಾಗಿ "ಅಂಥ ನಿಯಮ ಇಲ್ಲ" ಅಂತ ಮೊದಲ ಮೇಜಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಇರುವ ಯಾವ ನಿಯಮದಡಿ ಇದು ಕೂರುತ್ತದೆ ಅಂತ ಕೇಳಿ.

ಒಂದೊಂದು ದಿನಕ್ಕೂ ಒಂದೊಂದು ಅರ್ಜಿ ಕೊಡುವುದು ಬೇಡ. ಆರು ತಿಂಗಳ ಅಥವಾ ಒಂದು ವರ್ಷದ ತಾರೀಖುಗಳನ್ನು ಒಟ್ಟಿಗೇ ಬರೆದು ಕೊಡಿ. ಎರಡು ತಿಂಗಳು ಮುಂಚೆ ಕೊಟ್ಟರೆ ಒಳ್ಳೆಯದು. ಜೊತೆಗೆ ಕೈಯಲ್ಲೇ ಬರೆದ ನಕ್ಷೆ ಇರಲಿ: ಎಲ್ಲಿ ಮುಚ್ಚುತ್ತೀರಿ, ವಾಹನಗಳು ಯಾವ ಕಡೆಯಿಂದ ಸುತ್ತಿ ಹೋಗಬಹುದು, ಯಾರು ಎಲ್ಲಿ ನಿಲ್ಲುತ್ತಾರೆ. ಅಗ್ನಿಶಾಮಕದವರಿಗೂ ಆಂಬ್ಯುಲೆನ್ಸ್‌ನವರಿಗೂ ತಾರೀಖು ತಿಳಿಸಿ. ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದ್ದು, ವಿಮೆ ಬೇಕಾ ಅನ್ನುವುದನ್ನೂ ಅದೇ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.

ಅರ್ಜಿ ಕೊಡುವುದಕ್ಕೂ ಮೊದಲಿನ ಕೆಲಸ ಮೂವತ್ತೆಂಟು ಬಾಗಿಲು ತಟ್ಟುವುದು. ಇದರಲ್ಲಿ ಉದಾಸೀನ ಬೇಡ. ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಹಾಕಿ "ಯಾರೂ ಬೇಡ ಅನ್ನಲಿಲ್ಲ" ಅಂದುಕೊಂಡರೆ ಮೊದಲ ದಿನವೇ ಜಗಳ. ಇಬ್ಬರಾಗಿ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ. ಕೈಯಲ್ಲಿ ಅರ್ಧ ಪುಟದ ಕಾಗದ ಇರಲಿ. ನಾನು ಸಾಮಾನ್ಯವಾಗಿ ಬರೆದುಕೊಡುವುದು ಹೀಗೆ:

"ನಮ್ಮ ಬೀದಿಯ ಮಕ್ಕಳು ಮನೆ ಮುಂದೆ ಆಡಲಿ ಅಂತ ತಿಂಗಳಿಗೊಮ್ಮೆ ಎರಡು ಗಂಟೆ ಹೊರಗಿನ ವಾಹನ ಬಾರದಂತೆ ಮಾಡಬೇಕು ಅಂತಿದ್ದೇವೆ. ನಿಮ್ಮ ಗಾಡಿ ತೆಗೆಯಬೇಕಾಗಿಲ್ಲ. ನೀವು ಯಾವಾಗ ಬೇಕಾದರೂ ಬರಬಹುದು, ಹೋಗಬಹುದು. ನಮ್ಮವರೊಬ್ಬರು ನಿಮ್ಮ ಗಾಡಿಯ ಮುಂದೆ ನಡೆದು ದಾರಿ ಬಿಡಿಸುತ್ತಾರೆ. ಆ ದಿನ ನಿಮಗೆ ಏನಾದರೂ ತೊಂದರೆ ಇದ್ದರೆ ಮೊದಲೇ ಹೇಳಿ, ತಾರೀಖು ಬದಲಿಸೋಣ."

"ನೀವು ಬರಬಹುದು, ಹೋಗಬಹುದು" ಅನ್ನುವ ಸಾಲನ್ನು ದಪ್ಪಕ್ಷರದಲ್ಲಿ ಬರೆಯಿರಿ. ವಿರೋಧ ಮಾಡುವವರಲ್ಲಿ ಮುಕ್ಕಾಲು ಪಾಲು ಜನರ ಹೆದರಿಕೆ ಒಂದೇ: ಎರಡು ಗಂಟೆ ಮನೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ. ಅದು ಹೋದರೆ ಉಳಿಯುವುದು ಸಣ್ಣ ಸಣ್ಣ ವಿಷಯಗಳು. ರಾತ್ರಿ ಪಾಳಿ ಮಾಡಿ ಹಗಲು ಮಲಗುವವರು ಇರುತ್ತಾರೆ. ಅವರ ಮನೆ ಮುಂದೆ ಚೆಂಡಾಟ ಬೇಡ, ಅವರು ಏಳುವ ಹೊತ್ತು ಕೇಳಿಕೊಂಡು ಸಮಯ ಇಡಿ. ಹೊಸ ಕಾರಿನವರಿಗೆ ಚೆಂಡು ಬಡಿಯುವ ಚಿಂತೆ. ಗಟ್ಟಿ ಚೆಂಡು ಇಲ್ಲ, ಮೆತ್ತನೆಯದು ಮಾತ್ರ ಅಂತ ಅವರಿಗೆ ಮಾತು ಕೊಡಿ, ಉಳಿಸಿಕೊಳ್ಳಿ. ಹೊರಗಿನ ಮಕ್ಕಳೆಲ್ಲ ಬಂದು ತುಂಬುತ್ತಾರೆ ಅನ್ನುವವರಿಗೆ, ಪಕ್ಕದ ಊರಿನವರಿಗೆಲ್ಲ ಗೊತ್ತಾಗುವಂತೆ ಪ್ರಚಾರ ಮಾಡುವುದಿಲ್ಲ ಅಂತ ಹೇಳಿ, ಹಾಗೆಯೇ ನಡೆದುಕೊಳ್ಳಿ.

ಒಂದು ಬೀದಿಯ ಮೂಲೆಮನೆಯಲ್ಲಿ ಒಬ್ಬ ಅಜ್ಜಿ ಖಡಾಖಂಡಿತ ಬೇಡ ಅಂದಿದ್ದರು. ಎರಡನೇ ಸಲ ಹೋಗಿ ಕೂತು ಮಾತಾಡಿದಾಗ ವಿಷಯ ಗೊತ್ತಾಯಿತು. ಅವರ ಯಜಮಾನರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮರಳಿ ಬರುವಾಗ ಸುಸ್ತಾಗಿರುತ್ತಾರೆ, ಬಾಗಿಲವರೆಗೆ ಗಾಡಿ ಬರಲೇಬೇಕು. ಅವರಿಗೆ ಬೇಕಾದದ್ದು ಅಷ್ಟೇ. ಕಾವಲು ನಿಲ್ಲುವವರ ಕಾಗದದಲ್ಲಿ ಆ ಗಾಡಿಯ ನಂಬರನ್ನು ಮೇಲೆಯೇ ಬರೆದಿಟ್ಟೆವು. ಗಾಡಿ ಬಂದಾಗ ಮಕ್ಕಳೇ ಓಡಿ ಬ್ಯಾರಿಕೇಡ್ ಪಕ್ಕಕ್ಕೆ ಸರಿಸಲು ನಿಲ್ಲುತ್ತಿದ್ದರು. ಅಜ್ಜಿಯ ಕುರ್ಚಿ ಮೂರನೇ ತಿಂಗಳಿಗೆ ಗೇಟಿನ ಹೊರಗೆ ಬಂತು. ಅದಕ್ಕೇ ಹೇಳುವುದು, ಬೇಡ ಅಂದವರ ಮನೆಗೆ ಇನ್ನೊಮ್ಮೆ ಹೋಗಿ. ವಾದ ಮಾಡಬೇಡಿ, ಯಾಕೆ ಬೇಡ ಅಂತ ಕೇಳಿ.

ನಿಮ್ಮ ಮಕ್ಕಳಿಗೆ ಪರಿಚಯವೇ ಇಲ್ಲ ಅಂದಿರಲ್ಲ, ಅದಕ್ಕೂ ವಾಹನಗಳಿಗೂ ಸಂಬಂಧ ಇದೆ. ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸಕಾರ 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ವಾಹನ ಕಮ್ಮಿ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು. ವಾಹನ ಜಾಸ್ತಿ ಇದ್ದ ಬೀದಿಯಲ್ಲಿ ಆ ಸಂಖ್ಯೆ ಒಂದಕ್ಕಿಂತ ಕೆಳಗೆ. ಜನ ಬೇರೆ ಥರದವರು ಅಂತಲ್ಲ, ನಿಂತು ಮಾತಾಡಲು ಜಾಗ ಇರಲಿಲ್ಲ. ನಿಮ್ಮ ಬೀದಿಯಲ್ಲೂ ಅದೇ ನಡೆದಿದೆ ಅಂತ ನನಗನ್ನಿಸುತ್ತದೆ.

ಇನ್ನು ಆ ದಿನದ ಕೆಲಸ. ಪ್ರತಿ ತುದಿಗೆ ಇಬ್ಬರು. ಒಬ್ಬರು ಬ್ಯಾರಿಕೇಡ್ ಹತ್ತಿರ ಇರಬೇಕು, ಇನ್ನೊಬ್ಬರು ಗಾಡಿಯ ಮುಂದೆ ನಡೆಯಬೇಕು. ಒಬ್ಬರೇ ಇದ್ದರೆ ಗಾಡಿಯ ಜೊತೆ ಹೋದಾಗ ತುದಿ ಖಾಲಿಯಾಗುತ್ತದೆ, ಅಷ್ಟರಲ್ಲಿ ಇನ್ನೊಂದು ಗಾಡಿ ನುಗ್ಗುತ್ತದೆ. ಅರ್ಧ ಗಂಟೆಗೊಮ್ಮೆ ಪಾಳಿ ಬದಲಾಗಲಿ. ಎರಡು ಗಂಟೆಗೆ ಎರಡು ತುದಿಗೆ ಹದಿನಾರು ಪಾಳಿ ಆಯಿತು, ಎಂಟು ಜನ ಎರಡೆರಡು ಸಲ ನಿಂತರೆ ಮುಗಿಯಿತು. ಹೊಳೆಯುವ ಜಾಕೆಟ್, ಕೊರಳಿಗೆ ವಿಸಲ್, ಕೈಯಲ್ಲಿ ಅನುಮತಿ ಪತ್ರದ ಪ್ರತಿ. ನಿಂತವರು ಫೋನ್ ನೋಡುತ್ತಾ ಕೂರಬಾರದು. ಇದೊಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಬೆಲ್ಜಿಯಂನಲ್ಲಿ 1998ರಿಂದ ಆಟದ ಬೀದಿ ಸಂಚಾರ ನಿಯಮದಲ್ಲೇ ಸೇರಿದೆ. ಅಲ್ಲಿನ ಫ್ಲಾಂಡರ್ಸ್ ಭಾಗದಲ್ಲಿ ಹೀಗೆ ಹೊಣೆ ಹೊತ್ತ ಬೀದಿಯವರನ್ನು 'ಪೇಟರ್', 'ಮೇಟರ್', ಅಂದರೆ ಗಾಡ್‌ಫಾದರ್, ಗಾಡ್‌ಮದರ್ ಅಂತ ಕರೆಯುತ್ತಾರೆ. ಕ್ರೈಸ್ತರಲ್ಲಿ ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ "ಇದರ ಹೊಣೆ ನನ್ನದು" ಅಂತ ಮಾತು ಕೊಡುವ ಹಿರಿಯರಿಗೆ ಬಳಸುವ ಪದವೇ ಅದು. ನನಗೆ ಆ ಹೆಸರು ಬಹಳ ಇಷ್ಟ.

ಹೊರಗಿನವರ ಗಾಡಿ ಬಂದರೆ ಕೈ ಎತ್ತಿ ನಿಲ್ಲಿಸಿ, ಕಿಟಕಿಯ ಹತ್ತಿರ ಹೋಗಿ. "ನಮಸ್ಕಾರ, ಐದು ಗಂಟೆಯವರೆಗೆ ಇಲ್ಲಿ ಮಕ್ಕಳು ಆಡುತ್ತಿದ್ದಾರೆ, ಅನುಮತಿ ಇದೆ. ಎಡಕ್ಕೆ ತಿರುಗಿದರೆ ಮುಖ್ಯರಸ್ತೆ ಸಿಗುತ್ತೆ." ಇಷ್ಟು ಸಾಕು. ಯಾರಾದರೂ ಕಿರುಚಾಡಿದರೆ ಎದುರು ಮಾತು ಬೇಡ. ಗಾಡಿಗೆ ಅಡ್ಡ ನಿಂತು ತಡೆಯಲು ಹೋಗಲೇಬೇಡಿ. ನುಗ್ಗಿಯೇ ಬಂದರೆ ವಿಸಲ್ ಊದಿ ಮಕ್ಕಳನ್ನು ಬದಿಗೆ ಕಳಿಸಿ, ನಂಬರ್ ಬರೆದುಕೊಳ್ಳಿ. ಡೆಲಿವರಿಯವರಿಗೆ ಬೈಕ್ ತುದಿಯಲ್ಲಿ ಬಿಟ್ಟು ನಡೆದು ಬರಲು ಹೇಳಿ, ಹೆಚ್ಚಿನವರು ಒಪ್ಪುತ್ತಾರೆ.

ಬೀದಿಯವರ ಗಾಡಿ ಬಂದರೆ ಒಂದು ಉದ್ದ ವಿಸಲ್. ಮಕ್ಕಳೆಲ್ಲ ಫುಟ್‌ಪಾತ್‌ಗೆ, ಚೆಂಡು ಕೈಯಲ್ಲಿ, ಸೈಕಲ್ ಇಳಿದು ನಿಲ್ಲಬೇಕು. ನಿಮ್ಮವರು ಮುಂದೆ ನಡೆಯುತ್ತಾರೆ, ಗಾಡಿ ಹಿಂದೆ ನಡಿಗೆಯ ವೇಗದಲ್ಲಿ ಬರುತ್ತದೆ. ಗಾಡಿ ನಿಂತು ಎಂಜಿನ್ ಆಫ್ ಆದ ಮೇಲೆ ಎರಡು ಗಿಡ್ಡ ವಿಸಲ್, ಆಟ ಶುರು. "ನಿಧಾನವಾಗಿ ಹೋಗಿ" ಅಂದರೆ ಸಾಲದು. ಬ್ರಿಟನ್ನಿನ ರಸ್ತೆ ನಿಯಮದ ಪುಸ್ತಕದ ಲೆಕ್ಕದಲ್ಲಿ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ವೇಗದ ಕಾರು ಪೂರ್ತಿ ನಿಲ್ಲಲು 12 ಮೀಟರ್ ಬೇಕು. ಚಾಲಕರಿಗೆ ಅದು ಆರಾಮದ ವೇಗ. ಆದರೆ ಎರಡು ಕಾರಿನ ನಡುವಿನಿಂದ ಚೆಂಡಿನ ಹಿಂದೆ ಓಡಿಬರುವ ಐದು ವರ್ಷದ ಮಗುವಿಗೆ 12 ಮೀಟರ್ ಎಲ್ಲಿಂದ ಬರಬೇಕು? ಮುಂದೆ ಮನುಷ್ಯ ನಡೆಯುತ್ತಿದ್ದರೆ ಆ ವೇಗ ತಾನಾಗಿಯೇ ಇಳಿಯುತ್ತದೆ.

ಎಲ್ಲರೂ ತುದಿಗಳ ಬಗ್ಗೆಯೇ ಚಿಂತಿಸುತ್ತಾರೆ. ನನಗೆ ಹೆಚ್ಚು ಭಯ ಒಳಗೆ ನಿಂತ ಗಾಡಿಗಳದ್ದು. ಬೀದಿ ಮುಚ್ಚಿದೆ, ಮಕ್ಕಳು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಾರೆ, ಯಾರೋ ಮನೆಯಿಂದ ಅವಸರದಲ್ಲಿ ಬಂದು ಗಾಡಿ ರಿವರ್ಸ್ ತೆಗೆಯುತ್ತಾರೆ. ಹಿಂದೆ ಕೂತ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ. ಅದಕ್ಕೆ ನಿಯಮ ಒಂದೇ: ಕಾವಲಿನವರು ಬಂದು ಗಾಡಿಯ ಸುತ್ತ ಒಂದು ಸುತ್ತು ನಡೆದು ನೋಡುವ ಮೊದಲು ಯಾರೂ ಗಾಡಿ ಸ್ಟಾರ್ಟ್ ಮಾಡಬಾರದು. ಬಾಗಿಲು ತಟ್ಟುವಾಗಲೇ ಪ್ರತಿ ಗಾಡಿಯವರಿಗೂ ಇದನ್ನು ಹೇಳಿ. ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ. ಸಾಧ್ಯವಾದವರು ಆ ಎರಡು ಗಂಟೆ ಗಾಡಿಯನ್ನು ತುದಿಯ ಆಚೆ ನಿಲ್ಲಿಸಿದರೆ ಬಹಳ ಉಪಕಾರ. ಜಾಗವೂ ಬಿಚ್ಚಿಕೊಳ್ಳುತ್ತದೆ.

ಅಡ್ಡ ಏನು ಹಾಕುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಹಗುರವಾದ ಬ್ಯಾರಿಕೇಡ್, ಕೋನ್, ದೂರಕ್ಕೆ ಕಾಣುವ ಬೋರ್ಡು. ಆಂಬ್ಯುಲೆನ್ಸ್ ಬಂದರೆ ಒಬ್ಬರೇ ಒಂದು ಕೈಯಲ್ಲಿ ಎತ್ತಿಡುವಂತಿರಬೇಕು. ಕಲ್ಲು, ಅಡ್ಡ ನಿಲ್ಲಿಸಿದ ಕಾರು, ಇವೆಲ್ಲ ಬೇಡ. ಹಗ್ಗವಂತೂ ಬೇಡವೇ ಬೇಡ. ಒಮ್ಮೆ ನಾನು ಹೋದ ಬೀದಿಯಲ್ಲಿ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದ್ದರು. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬೈಕಿನವರಿಗೆ ಹಗ್ಗ ಕಂಡದ್ದು ಕೊನೇ ಗಳಿಗೆಯಲ್ಲಿ. ಬ್ರೇಕ್ ಹಾಕಿ ಜಾರಿ ಬಿದ್ದರು, ಮೊಣಕೈ ಕಿತ್ತುಹೋಯಿತು. ಆ ಹಗ್ಗ ಕತ್ತಿನ ಮಟ್ಟದಲ್ಲಿತ್ತು. ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಮಕ್ಕಳ ಹೊಣೆ ಅವರವರ ಮನೆಯವರದ್ದೇ. ಕಾವಲಿನವರು ಗಾಡಿ ನೋಡುತ್ತಾರೆ, ಮಕ್ಕಳನ್ನು ನೋಡಿಕೊಳ್ಳುವುದಿಲ್ಲ. ಇದನ್ನು ಕಾಗದದಲ್ಲಿ ಬರೆದು, ಬಾಯಲ್ಲೂ ಹೇಳಿ. ಇಲ್ಲದಿದ್ದರೆ ಮಕ್ಕಳನ್ನು ಬಿಟ್ಟು ಮಾರ್ಕೆಟ್ಟಿಗೆ ಹೋಗುವವರು ಇರುತ್ತಾರೆ.

ಆಟ ಏನು ಆಡಿಸಬೇಕು ಅಂತ ಕೇಳುವವರು ಜಾಸ್ತಿ. ಏನೂ ಆಡಿಸಬೇಡಿ. ಮೊದಲ ಹತ್ತು ನಿಮಿಷ ಮಕ್ಕಳು ಗೇಟು ಹಿಡಿದುಕೊಂಡು ನಿಲ್ಲುತ್ತಾರೆ, ರಸ್ತೆಯ ಮಧ್ಯ ಹೋಗಬಹುದು ಅನ್ನುವುದನ್ನು ಅವರಿಗೆ ನಂಬಲಾಗುವುದಿಲ್ಲ. ನಿಮಗೆ ಕಸಿವಿಸಿಯಾಗುತ್ತದೆ, ಏನಾದರೂ ಮಾಡಿಸೋಣ ಅನ್ನಿಸುತ್ತದೆ. ತಡೆದುಕೊಳ್ಳಿ. ಯಾರೋ ಒಬ್ಬ ಹುಡುಗಿ ಚಾಕ್ ಪೀಸ್ ತೆಗೆದುಕೊಂಡು ಡಾಂಬರಿನ ಮೇಲೆ ಒಂದು ಗೆರೆ ಎಳೆಯುತ್ತಾಳೆ. ಇನ್ನೊಬ್ಬ ಅದನ್ನು ಮುಂದಕ್ಕೆ ಎಳೆಯುತ್ತಾನೆ. ಅದು ರೈಲಾಗುತ್ತದೋ ನದಿಯಾಗುತ್ತದೋ ಅವರಿಗೇ ಗೊತ್ತು. ಖಾಲಿ ರಟ್ಟಿನ ಪೆಟ್ಟಿಗೆಗಳು, ಸ್ಕಿಪ್ಪಿಂಗ್ ಹಗ್ಗ, ಹಳೇ ಬಟ್ಟೆ, ಬಕೆಟ್ ನೀರು ಇಟ್ಟರೆ ಸಾಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ವಿಶ್ರಾಂತಿ, ಬಿಡುವು, ಆಟ ಮೂರೂ ಮಗುವಿನ ಹಕ್ಕು ಅಂತ ಬರೆದಿದೆ. ಬಿಡುವು ಅನ್ನುವ ಪದ ಅಲ್ಲಿ ಸುಮ್ಮನೆ ಬಂದದ್ದಲ್ಲ.

ಒಂದನ್ನು ಮಾತ್ರ ನೀವೇ ಮಾಡಿಕೊಡಿ. ಚೆಂಡಾಟದ ದೊಡ್ಡ ಹುಡುಗರು ಬೇಗನೆ ಇಡೀ ಬೀದಿ ಹಿಡಿದುಬಿಡುತ್ತಾರೆ. ಪುಟ್ಟ ಮಕ್ಕಳೂ ಹೆಣ್ಣುಮಕ್ಕಳೂ ಬದಿಗೆ ಸರಿಯುತ್ತಾರೆ. ಮೂರನೇ ಒಂದು ಭಾಗಕ್ಕೆ ಗೆರೆ ಎಳೆದು, ಇಲ್ಲಿ ಚೆಂಡು ಬರಬಾರದು ಅಂತ ಹೇಳಿ. ಗದ್ದಲ ಆಗದ ಮಕ್ಕಳಿಗೂ ಆ ಭಾಗ ಅನುಕೂಲ. ಗಾಲಿಕುರ್ಚಿಯ ಮಗು ಇದ್ದರೆ ಅವರ ಮನೆಗೆ ಮೊದಲೇ ಹೋಗಿ ಕರೆಯಿರಿ. ಪಾರ್ಕಿನ ಮರಳಲ್ಲಿ ಹೂತುಹೋಗುವ ಚಕ್ರ ಡಾಂಬರಿನ ಮೇಲೆ ಸಲೀಸಾಗಿ ಓಡುತ್ತದೆ.

ಕೊನೆಯಲ್ಲಿ ಮುಗಿಸುವ ರೀತಿ. ರಸ್ತೆಯಲ್ಲಿ ಆಡಿ ಅಭ್ಯಾಸವಾದರೆ ಬೇರೆ ದಿನವೂ ಮಕ್ಕಳು ರಸ್ತೆಗೆ ಇಳಿಯುತ್ತಾರೆ ಅನ್ನುವ ಹೆದರಿಕೆ ಬಹಳ ತಾಯಂದಿರಿಗೆ ಇರುತ್ತದೆ, ನಿಮಗೂ ಇರಬಹುದು. ಹಾಗಾಗಿ ಶುರುವಿನ, ಮುಗಿಯುವ ಗಳಿಗೆಗಳು ಮಕ್ಕಳಿಗೆ ಕಣ್ಣಾರೆ ಕಾಣಬೇಕು. ಹದಿನೈದು ನಿಮಿಷ ಮೊದಲು ಒಮ್ಮೆ ಹೇಳಿ, ಐದು ನಿಮಿಷಕ್ಕೆ ಇನ್ನೊಮ್ಮೆ. ಆಮೇಲೆ ಉದ್ದದ ವಿಸಲ್. ಎಲ್ಲರೂ ಸಾಮಾನು ಎತ್ತಿಕೊಂಡು ಫುಟ್‌ಪಾತ್ ಮೇಲೆ ನಿಲ್ಲಲಿ. ಬೀದಿ ಖಾಲಿಯಾಗಿದೆ ಅಂತ ಒಬ್ಬರು ಈ ತುದಿಯಿಂದ ಆ ತುದಿಗೆ ನಡೆದು ನೋಡಲಿ. ಅಲ್ಲಿಯವರೆಗೆ ಬ್ಯಾರಿಕೇಡ್ ಅಲ್ಲಾಡಬಾರದು. ಆಮೇಲೆ ಅದನ್ನು ಎತ್ತಿ ಬದಿಗಿಟ್ಟು, "ಈಗ ಇದು ಗಾಡಿಗಳ ರಸ್ತೆ" ಅಂತ ಜೋರಾಗಿ ಹೇಳಿ. ನಿಮ್ಮ ಎಂಟು ವರ್ಷದ ಮಗುವಿಗೆ ಆ ಮಾತು ಹೇಳುವ ಕೆಲಸ ಕೊಟ್ಟರೆ ಐದು ವರ್ಷದ್ದು ಖಂಡಿತ ಕೇಳುತ್ತದೆ.

ಎಲ್ಲರೂ ಇನ್ನೂ ಅಲ್ಲೇ ನಿಂತಿರುವಾಗಲೇ ಮುಂದಿನ ತಿಂಗಳ ತಾರೀಖು ಹೇಳಿ, ಪಾಳಿಯ ಕಾಗದಕ್ಕೆ ಹೆಸರು ಬರೆಸಿಕೊಳ್ಳಿ. ಮನೆ ಒಳಗೆ ಹೋದ ಮೇಲೆ ಕೇಳಿದರೆ ಅರ್ಧ ಜನರೂ ಬರುವುದಿಲ್ಲ.